ಐವತ್ತೆರಡು ನಿಮಿಷದ ದಾರಿ

ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಕಾರವಾರದ ಜಿಗಿತ ನಿಲ್ದಾಣಕ್ಕೆ ಬಂದಿಳಿದಾಗ ಕಸ್ತೂರಿ ಹಡಪದಳಿಗೆ ಗಡಿಬಿಡಿ ಪಡಲು ಯಾವ ಕಾರಣವೂ ಇರಲಿಲ್ಲ. ಜಿಗಿತ ಐದು ಗಂಟೆಗೆ. ಕಾರವಾರದಿಂದ ಚಿಲಿ ದೇಶದ ಆಂಟೊಫಗಾಸ್ತಕ್ಕೆ ಹದಿನಾರು ಸಾವಿರದ ನೂರ ಎಪ್ಪತ್ತು ಕಿಲೋಮೀಟರು. ಹಿಡಿಯುವುದು ಐವತ್ತೆರಡು ನಿಮಿಷ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರಲು ಅವಳಿಗೆ ನಾಲ್ಕೂವರೆ ಗಂಟೆ ಹಿಡಿದಿತ್ತು.

ಅವಳ ಹೆಗಲಿನಿಂದ ಒಂದು ನೀಲಿ ಪೆಟ್ಟಿಗೆ ತೂಗುತ್ತಿತ್ತು. ಅದರ ಮೇಲಿನ ಪುಟ್ಟ ಪರದೆಯಲ್ಲಿ ನಾಲ್ಕು ಡಿಗ್ರಿ ಎಂದಿತ್ತು. ಒಳಗೆ ಒಂದು ಚೀಲ. ಅದರಲ್ಲಿ ಆ ಬೆಳಿಗ್ಗೆ ಹತ್ತು ಗಂಟೆಗೆ ಹುಬ್ಬಳ್ಳಿಯ ಯಾರೋ ಒಬ್ಬರ ಮೈಯಿಂದ ತೆಗೆದ ಮಜ್ಜೆಯ ಕೋಶಗಳು. ಆಂಟೊಫಗಾಸ್ತದ ಆಸ್ಪತ್ರೆಯಲ್ಲಿ ಇನ್ನೊಬ್ಬರು ಇವುಗಳಿಗಾಗಿ ಕಾಯುತ್ತಿದ್ದರು. ಕೊಟ್ಟವರು ಯಾರು, ಪಡೆಯುವವರು ಯಾರು ಎಂಬುದು ಒಯ್ಯುವವರಿಗೆ ಗೊತ್ತಿರಬಾರದು ಎಂಬುದು ನಿಯಮ. ಗೊತ್ತಿರಬೇಕಾದದ್ದು ಎರಡೇ. ರೋಗಿಯ ಹಳೆಯ ಮಜ್ಜೆಯನ್ನು ಔಷಧಿ ಕೊಟ್ಟು ಆಗಲೇ ಪೂರ್ತಿ ನಾಶ ಮಾಡಿದ್ದಾರೆ, ಹಿಂದಕ್ಕೆ ಹೋಗುವ ದಾರಿ ಇಲ್ಲ. ಮತ್ತು ಚೀಲದೊಳಗಿನ ಕೋಶಗಳು ಬದುಕಿರುವುದು ಎಪ್ಪತ್ತೆರಡು ಗಂಟೆ. ಅಂದರೆ ಗುರುವಾರ ಬೆಳಿಗ್ಗೆ ಹತ್ತರವರೆಗೆ.

ಕಸ್ತೂರಿಗೆ ಅರವತ್ತೊಂದು. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕುಳಿತುಕೊಳ್ಳಲಾಗದೆ ಕೋಶದಾನದ ನೋಂದಣಿ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಸೇರಿದ್ದಳು. ಇದು ಅವಳ ಒಂಬತ್ತನೆಯ ಪ್ರಯಾಣ. ಜಿಗಿತದಲ್ಲಿ ಮೊದಲನೆಯದು.

ನಾಲ್ಕೂವರೆಗೆ ಹತ್ತುವ ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ಫಲಕದ ಮೇಲೆ ಅಕ್ಷರಗಳು ಬದಲಾದವು: ಮುಂದಿನ ಅವಕಾಶ ರಾತ್ರಿ ಎಂಟು ಗಂಟೆ.

ಕೌಂಟರಿನಲ್ಲಿದ್ದ ಹುಡುಗಿಯ ಹತ್ತಿರ ಹೋಗಿ ಕೇಳಿದಳು. "ಯಾಕವಾ, ಏನಾತು?"

"ಮೇಲಿನ ವಾತಾವರಣ ಸರಿ ಇಲ್ಲ ಮೇಡಂ. ಎಂಟು ಗಂಟೆಗೆ ನೋಡ್ತಾರೆ."

"ಎಂಟಕ್ಕ ಹೋಗೂದು ಖರೇನಾ?"

"ಫಲಕದಲ್ಲಿ ಹಾಗೇ ಅದೆ."

ಕಸ್ತೂರಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರೂವರೆ ಗಂಟೆ ಕಾದು ಐವತ್ತೆರಡು ನಿಮಿಷ ಹಾರಿದರೂ ಊಟದ ಹೊತ್ತಿಗೆ ಭೂಮಿಯ ಆ ಮಗ್ಗುಲು. ಹಳೆಯ ಬಗೆಯ ವಿಮಾನವಾದರೆ ಗೋವಾ, ದೋಹಾ, ಸಾವೊ ಪಾವ್ಲೊ ಎಂದು ಸುತ್ತಿ ಮೂವತ್ಮೂರು ಗಂಟೆ. ಅದನ್ನು ಯೋಚಿಸುವ ಅಗತ್ಯವೇ ಇರಲಿಲ್ಲ. ಅವಳು ಹೋಗಿ ಕುರ್ಚಿಯಲ್ಲಿ ಕುಳಿತಳು.

*

ಮೇಲಿನ ಮಹಡಿಯ ನಿಯಂತ್ರಣ ಕೊಠಡಿಯಲ್ಲಿ ನಿತ್ಯಾನಂದ ಹರಿಕಂತ್ರನಿಗೆ ಎಂಟು ಗಂಟೆಗೆ ಏನೂ ಹೋಗುವುದಿಲ್ಲ ಎಂದು ಆಗಲೇ ಗೊತ್ತಿತ್ತು.

ಜಿಗಿತದ ಹಡಗು ವಿಮಾನದಂತೆ ಗಾಳಿಯೊಳಗೆ ಹಾರುವುದಿಲ್ಲ. ಸಮುದ್ರದ ಮೇಲಿನ ಕಟ್ಟೆಯಿಂದ ನೆಟ್ಟಗೆ ಮೇಲೇರಿ ಗಾಳಿಯನ್ನು ದಾಟಿ ಹೋಗುತ್ತದೆ. ಆಮೇಲೆ ಗಾಳಿಯ ಮೇಲ್ಪದರಕ್ಕೆ ತಾಕಿ, ಕೆರೆಯ ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನ ಹಾಗೆ, ಐದಾರು ಸಲ ಪುಟಿಯುತ್ತ ಭೂಮಿಯನ್ನು ಅರ್ಧ ಸುತ್ತುತ್ತದೆ. ಎಲ್ಲಿ ತಾಕುತ್ತದೆ, ಎಷ್ಟು ಪುಟಿಯುತ್ತದೆ ಎಂಬುದು ಆ ಪದರದ ದಪ್ಪದ ಮೇಲೆ ನಿಂತಿದೆ. ಭಾನುವಾರ ಸೂರ್ಯನ ಮೈಯಲ್ಲಿ ದೊಡ್ಡದೊಂದು ಸ್ಫೋಟವಾಗಿತ್ತು. ಅದರ ಬಿಸಿ ತಾಗಿ, ಒಲೆಯ ಮೇಲಿಟ್ಟ ಹಾಲಿನಂತೆ ಆ ಮೇಲ್ಪದರ ಉಬ್ಬಿಕೊಂಡಿತ್ತು. ಈಗ ಹೊರಟರೆ ಹಡಗು ನೆಲ ಮುಟ್ಟುವ ಜಾಗ ನಾನೂರು ಕಿಲೋಮೀಟರು ಆಚೀಚೆ ಆಗಬಹುದು. ಆಂಟೊಫಗಾಸ್ತದ ಒಂದು ಬದಿಗೆ ಸಾಗರ, ಇನ್ನೊಂದು ಬದಿಗೆ ಪರ್ವತ.

ಉಬ್ಬಿದ್ದು ಇಳಿಯಬೇಕು. ಯಾವಾಗ ಇಳಿಯುತ್ತದೆ ಎಂದು ಅಂದಾಜು ಮಾಡುವುದೇ ನಿತ್ಯಾನಂದನ ಕೆಲಸ. ಮೂರು ಸಣ್ಣ ಉಪಗ್ರಹಗಳು ಆ ಪದರದಲ್ಲಿ ಸುತ್ತುತ್ತ ಎಷ್ಟು ಬೇಗ ಕೆಳಗೆ ಜಾರುತ್ತಿವೆ ಎಂದು ನೋಡಿ ಅವನು ಲೆಕ್ಕ ಮಾಡುತ್ತಿದ್ದ. ಆ ಸಂಜೆ ಅವನ ಲೆಕ್ಕ ಕೊಟ್ಟ ಉತ್ತರ ಗುರುವಾರ ಮಧ್ಯಾಹ್ನ. ಒಂದು ದಿನ ಹಿಂದು ಮುಂದು.

ನಿಲ್ದಾಣದ ಮುಖ್ಯಸ್ಥ ಬಾಳಿಗರು ಪರದೆಯನ್ನು ನೋಡಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಒಂದು ದಿನ ಹಿಂದು ಮುಂದು ಅಂದ್ರೆ ಅದು ಲೆಕ್ಕವಾ ನಿತ್ಯಾನಂದ?"

"ಅದಕ್ಕಿಂತ ಸರಿಯಾಗಿ ಹೇಳಲಿಕ್ಕೆ ಈಗ ಆಗುದಿಲ್ಲ ಸರ್. ಆದ್ರೆ ಇವತ್ತು ಇಲ್ಲ, ನಾಳೆಯೂ ಇಲ್ಲ. ಅಷ್ಟು ಹೇಳಬಹುದು."

"ಹೇಳಿದ್ರೆ ಏನಾಗ್ತದೆ ಗೊತ್ತುಂಟಲ್ಲ. ಆರು ಗಂಟೆಗಿಂತ ಹೆಚ್ಚಿನ ವಿಳಂಬ ಅಂತ ನಾವಾಗಿ ಘೋಷಿಸಿದ್ರೆ ಎಲ್ಲರನ್ನೂ ಬೇರೆ ವಿಮಾನಕ್ಕೆ ಸಾಗಿಸಬೇಕು. ಈ ವರ್ಷ ಹಾಗೆ ಐದು ಸಲ ಆಗಿದೆ. ಆರನೇ ಸಲ ಆದ್ರೆ ಪರವಾನಗಿಯ ಮರುಪರಿಶೀಲನೆ. ಮೂರು ಗಂಟೆಗೊಮ್ಮೆ ನೋಡುವ, ಆಗದಿದ್ರೆ ಮತ್ತೆ ಮೂರು ಗಂಟೆ. ಅದು ಸುಳ್ಳಲ್ಲ. ಮೂರು ಗಂಟೆಗೊಮ್ಮೆ ನಾವು ನಿಜವಾಗಿಯೂ ನೋಡ್ತೇವೆ."

"ಕೆಳಗೆ ಕೂತವ್ರು ಅದನ್ನ ಬೇರೆ ರೀತಿ ತಿಳ್ಕೊಳ್ತಾರೆ."

"ಅವರು ಹೇಗೆ ತಿಳ್ಕೊಳ್ತಾರೆ ಅನ್ನುವುದಕ್ಕೆ ನಾನು ಜವಾಬ್ದಾರನಾ ಮಾರಾಯ?"

ಬಾಳಿಗರು ಕೆಟ್ಟವರಲ್ಲ. ಕೇಂದ್ರ ಕಚೇರಿಗೆ ಅವರು ಆ ದಿನ ಎರಡು ಬಾರಿ ಬರೆದಿದ್ದರು. ಎರಡು ಬಾರಿಯೂ 'ನಿಯಮದಂತೆ ಮುಂದುವರಿಯಿರಿ' ಎಂಬ ಒಂದೇ ಸಾಲಿನ ಉತ್ತರ ಬಂದಿತ್ತು. ನಿತ್ಯಾನಂದ ಪಾಳಿ ಮುಗಿಸಿ ಮನೆಗೆ ಹೋದ.

*

ಮಂಗಳವಾರ ಬೆಳಿಗ್ಗೆ ಅವನು ತಿಂಡಿಗೆ ಕುಳಿತಾಗ ಹೆಂಡತಿ ಸುಗಂಧಾ ದೋಸೆಯನ್ನು ತಟ್ಟೆಗೆ ಹಾಕಿದ ರೀತಿಯಲ್ಲೇ ಸಿಟ್ಟು ಕಾಣುತ್ತಿತ್ತು.

ಸುಗಂಧಾ ಮೀನು ಬಂದರಿನ ಮಂಜುಗಡ್ಡೆ ಕಾರ್ಖಾನೆ ನೋಡಿಕೊಳ್ಳುತ್ತಿದ್ದಳು. ಜಿಗಿತಕ್ಕೆ ಮೂರು ಗಂಟೆ ಮೊದಲಿನಿಂದ ಕಟ್ಟೆಯ ಸುತ್ತ ಮೂವತ್ತು ಕಿಲೋಮೀಟರು ಕಡಲಿನಲ್ಲಿ ಯಾವ ದೋಣಿಯೂ ಇರುವಂತಿಲ್ಲ. ಮೂರು ಗಂಟೆಗೊಮ್ಮೆ 'ಮುಂದಿನ ಅವಕಾಶ' ಎಂದು ಬರೆಯುತ್ತ ಹೋದರೆ ಕಡಲು ತೆರೆಯುವುದೇ ಇಲ್ಲ. ಸೋಮವಾರ ಮಧ್ಯಾಹ್ನದಿಂದ ಎಪ್ಪತ್ತು ದೋಣಿಗಳು ದಂಡೆಯಲ್ಲೇ ನಿಂತಿದ್ದವು. ಅವುಗಳಿಗೆಂದು ಒಡೆದಿಟ್ಟ ಮಂಜು ನೀರಾಗಿ ಚರಂಡಿಗೆ ಹರಿಯುತ್ತಿತ್ತು.

"ಹೋಗ್ತದಾ ಇಲ್ವಾ, ಅಷ್ಟು ಹೇಳು," ಎಂದಳು.

"ಹೇಳುವ ಹಾಗಿಲ್ಲ ಸುಗಂಧಾ."

"ನಿನ್ನಪ್ಪ ಬೆಳಗಾಗೂಕೂ ಮುಂಚೆ ಎದ್ದು ಬಲೆ ಹಿಡ್ಕೊಂಡು ಕೂತಿದಾರೆ. ಎಂಟು ಗಂಟೆ ಅಂದ್ರು, ಈಗ ಹನ್ನೊಂದು ಅಂತಾರೆ. ಎಲ್ಲರೂ ನನ್ನ ಹತ್ರ ಬಂದು ಕೇಳ್ತಾರೆ, ನಿನ್ನ ಗಂಡ ಅಲ್ಲೇ ಅದಾನಲ್ಲ, ಅವನಿಗೆ ಗೊತ್ತಿರೂದಿಲ್ವಾ ಅಂತ. ನಾನು ಎಂತ ಹೇಳ್ಲಿ?"

"ಗೊತ್ತಿಲ್ಲ ಅಂತ ಹೇಳು."

"ನಿಂಗೆ ಗೊತ್ತದೆ."

ನಿತ್ಯಾನಂದ ದೋಸೆ ಮುರಿದ. ತಿನ್ನಲಾಗಲಿಲ್ಲ. ಕೆಲಸಕ್ಕೆ ಸೇರುವಾಗ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿದ್ದ. ಮೀನುಗಾರರ ಕೇರಿಯಿಂದ ಆ ಮಹಡಿಗೆ ಹತ್ತಿದವನು ಅವನೊಬ್ಬನೇ. ಇವನು ತನ್ನ ಜನಕ್ಕೆ ಗುಟ್ಟು ಹೇಳುತ್ತಾನೆ ಎಂಬ ಮಾತು ಮೊದಲ ದಿನದಿಂದಲೂ ಅಲ್ಲಿ ಸುಳಿದಾಡುತ್ತಿತ್ತು. ಆ ಮಾತು ಸುಳ್ಳಾಗಿಸಲು ಅವನು ಆರು ವರ್ಷ ಬಾಯಿ ಮುಚ್ಚಿಕೊಂಡಿದ್ದ. ತಂದೆಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ತಟ್ಟೆ ಹಾಗೇ ಬಿಟ್ಟು ಎದ್ದು ಹೋದ.

*

ಅದೇ ಹೊತ್ತಿಗೆ ಕಸ್ತೂರಿಯ ಪೆಟ್ಟಿಗೆಯ ಪರದೆ ಐದೂವರೆ ಡಿಗ್ರಿ ತೋರಿಸುತ್ತಿತ್ತು. ಎಂಟಕ್ಕಿಂತ ಮೇಲೆ ಹೋಗಬಾರದು.

ಪೆಟ್ಟಿಗೆಯೊಳಗಿನ ತಂಪಿನ ಇಟ್ಟಿಗೆಗಳನ್ನು ದಿನಕ್ಕೊಮ್ಮೆ ಬದಲಿಸಬೇಕು. ನಿಲ್ದಾಣದಲ್ಲಿ ಅವನ್ನು ತಂಪು ಮಾಡುವ ಏರ್ಪಾಟು ಏನೂ ಇರಲಿಲ್ಲ. ಐವತ್ತೆರಡು ನಿಮಿಷದ ಪ್ರಯಾಣಿಕರಿಗೆ ಇಂಥದ್ದು ಬೇಕಾಗುತ್ತದೆಂದು ಕಟ್ಟಿದವರಿಗೆ ಹೊಳೆದಿರಲಿಲ್ಲ. ಮಲಗುವ ಜಾಗವೂ ಇರಲಿಲ್ಲ. ಇಪ್ಪತ್ತಮೂರು ಜನ ಪ್ರಯಾಣಿಕರು ಕುರ್ಚಿಗಳಲ್ಲಿ ಕುತ್ತಿಗೆ ವಾರೆ ಮಾಡಿಕೊಂಡು ರಾತ್ರಿ ಕಳೆದಿದ್ದರು. ತಾಮ್ರದ ಗಣಿಯ ಎಂಜಿನಿಯರನೊಬ್ಬ ಪ್ರತಿ ಸಲ ಫಲಕ ಬದಲಾದಾಗಲೂ ಗಟ್ಟಿಯಾಗಿ ನಗುತ್ತಿದ್ದ. ಐದನೆಯ ಸಲಕ್ಕೆ ಅವನೂ ನಗುವುದನ್ನು ನಿಲ್ಲಿಸಿದ್ದ.

ಕಸ್ತೂರಿ ಕೌಂಟರಿಗೆ ಹೋದಳು. ಹುಡುಗಿ ಬದಲಾಗಿದ್ದಳು, ಉತ್ತರ ಬದಲಾಗಿರಲಿಲ್ಲ.

"ನೋಡವಾ, ನಾನು ಮೂವತ್ತು ವರ್ಷ ಕಂಡಕ್ಟರಕಿ ಮಾಡೀನಿ. ಬಸ್ ಕೆಟ್ಟು ನಿಂತಾಗ ಮಂದಿ ಬೈತಾರ. ಬೈಸಿಕೊಂಡ್ರೂ ಚಿಂತಿಲ್ಲ, ಇದು ಇವತ್ತ ಹೋಗಂಗಿಲ್ರಿ, ಹಿಂದಿನ ಗಾಡಿ ಹತ್ರಿ ಅಂತ ಹೇಳ್ತಿದ್ವಿ. ನೀವು ನಿನ್ನಿ ಸಂಜಿಯಿಂದ ಮೂರ ತಾಸು, ಮೂರ ತಾಸು ಅನ್ನಾಕತ್ತೀರಿ. ಖರೇ ಎಷ್ಟು ಹೊತ್ತಾಕ್ಕತಿ ಅಂತ ಯಾರಿಗೆ ಗೊತ್ತೈತಿ, ಅವರನ್ನ ಕರಿ."

"ಮೇಲಿನವರು ಕೆಳಗೆ ಬರುದಿಲ್ಲ ಮೇಡಂ."

"ನಾನ ಮ್ಯಾಲ ಹೋಗ್ತೀನಿ."

"ಬಿಡುದಿಲ್ಲ ಮೇಡಂ."

ನೋಂದಣಿ ಕೇಂದ್ರದಿಂದ ಫೋನಿಗೆ ಸಂದೇಶ ಬಂದಿತ್ತು. ಗೋವಾದಿಂದ ಸಂಜೆ ನಾಲ್ಕೂವರೆಯ ವಿಮಾನದಲ್ಲಿ ಒಂದು ಆಸನ ಕಾದಿರಿಸಿದ್ದೇವೆ. ಹೊರಟರೆ ಗುರುವಾರ ನಸುಕಿನಲ್ಲಿ, ಅಂದರೆ ಅಲ್ಲಿನ ಬುಧವಾರ ಸಂಜೆ ಐದಕ್ಕೆ, ತಲುಪುವಿರಿ. ಮಧ್ಯಾಹ್ನ ಹನ್ನೆರಡರೊಳಗೆ ನಿರ್ಧಾರ ತಿಳಿಸಿ. ನಾಳಿನ ವಿಮಾನ ಹಿಡಿದರೆ ಎಪ್ಪತ್ತೆರಡು ಗಂಟೆ ಮೀರುತ್ತದೆ.

ಇದೇ ಅವಳನ್ನು ಕಾಡುತ್ತಿದ್ದದ್ದು. ಯಾವ ಗಳಿಗೆಯಲ್ಲಿ ನೋಡಿದರೂ ಕಾಯುವುದೇ ಸರಿ ಎನಿಸುತ್ತಿತ್ತು. ಇನ್ನು ಮೂರು ಗಂಟೆ ಕಾದರೆ ಒಟ್ಟು ನಾಲ್ಕು ಗಂಟೆ, ಹೊರಟುಬಿಟ್ಟರೆ ಮೂವತ್ಮೂರು. ಹೀಗೆ ನೋಡುತ್ತ ನೋಡುತ್ತ ಹದಿನಾರು ಗಂಟೆ ಕಳೆದಿದ್ದವು. ಸೋಮವಾರ ಹುಬ್ಬಳ್ಳಿಯಿಂದ ನೇರ ಗೋವಾದ ದಾರಿ ಹಿಡಿದಿದ್ದರೆ ಈ ಹೊತ್ತಿಗೆ ಅರ್ಧ ದಾರಿ ಮುಗಿದಿರುತ್ತಿತ್ತು.

ಕೊನೆಗೆ ಚಹಾ ಮಾರುವವನು ಮೀನು ಬಂದರಿನ ಮಂಜಿನ ಕಾರ್ಖಾನೆಯ ದಾರಿ ಹೇಳಿದ. ಕಸ್ತೂರಿ ಆಟೊ ಹಿಡಿದು ಹೋದಳು.

ಸುಗಂಧಾ ಮೊದಲು ಇವಳನ್ನು ಮೀನು ಕೊಳ್ಳಲು ಬಂದವಳೆಂದುಕೊಂಡಳು. ಪೆಟ್ಟಿಗೆಯ ವಿಷಯ ಕೇಳಿದ ಮೇಲೆ ಕೈ ತೊಳೆದು, ಒಣ ಬಟ್ಟೆ ಹಾಸಿ, ತಂಪಿನ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆದುಕೊಂಡು ಶೀತಲ ಕೋಣೆಯಲ್ಲಿಟ್ಟಳು. ಅವನ್ನು ನೇರ ಮಂಜಿನ ಮೇಲೆ ಇಡಬೇಡ, ತೀರ ತಣ್ಣಗಾಗಿ ಚೀಲ ಹೆಪ್ಪುಗಟ್ಟಿದರೆ ಕೋಶಗಳು ಸಾಯುತ್ತವೆ ಎಂದು ಕಸ್ತೂರಿ ಎರಡು ಸಲ ಹೇಳಿದಳು. ಇಬ್ಬರೂ ಹೊರಗೆ ಪ್ಲಾಸ್ಟಿಕ್ ಬುಟ್ಟಿಗಳ ಮೇಲೆ ಕುಳಿತರು. ಎದುರಿಗೆ ಸಾಲಾಗಿ ನಿಂತ ದೋಣಿಗಳು.

"ನೀವೂ ಮೂರು ತಾಸಿನ ಮ್ಯಾಲೇ ಕುಂತೀರೇನು?" ಎಂದು ಕಸ್ತೂರಿ ಕೇಳಿದಳು.

"ನಿನ್ನೆಯಿಂದ. ಹನ್ನೊಂದು ಅಂದ್ರು, ಈಗ ಎರಡು ಅಂತ ಬಂತು ನೋಡಿ." ಸುಗಂಧಾ ಫೋನು ತೋರಿಸಿದಳು. "ಆ ಪೆಟ್ಟಿಗೇಲಿ ಇರೂದು ಯಾರಿಗೆ?"

"ಯಾರಿಗೋ ಗೊತ್ತಿಲ್ಲ. ಮುಟ್ಟಲಿಲ್ಲಾಂದ್ರ ಅವರು ಉಳಿಯಂಗಿಲ್ಲ, ಅದಷ್ಟು ಗೊತ್ತೈತಿ. ಹನ್ನೆರಡರೊಳಗ ಹೇಳಬೇಕು ನಾನು, ಗೋವಾಕ್ಕ ಹೋಗ್ಲೋ ಇಲ್ಲೇ ಕುಂಡ್ರಲೋ ಅಂತ. ಹೆಂಗ ಹೇಳಬೇಕು ತಂಗಿ? ಹೇಳಾಕ ಕೈಯಾಗ ಏನರ ಇರಬೇಕಲ್ಲ."

ಸುಗಂಧಾ ಎದ್ದು ದೋಣಿಗಳ ಕಡೆ ನಾಲ್ಕು ಹೆಜ್ಜೆ ನಡೆದು ಗಂಡನಿಗೆ ಫೋನು ಮಾಡಿದಳು.

*

ನಿತ್ಯಾನಂದ ಕೊಠಡಿಯ ಮೂಲೆಗೆ ಹೋಗಿ ಮಾತಾಡಿದ. ಸುಗಂಧಾ ಕೂಗಾಡಲಿಲ್ಲ. ಪೆಟ್ಟಿಗೆಯ ವಿಷಯ ಹೇಳಿದಳು, ಹನ್ನೆರಡು ಗಂಟೆಯ ವಿಷಯ ಹೇಳಿದಳು. ಆಮೇಲೆ ಹೇಳಿದಳು: "ನಂಗೆ ಹೇಳ್ಬೇಡ. ದೋಣಿಯವ್ರಿಗೂ ಹೇಳ್ಬೇಡ. ಈ ಹೆಂಗಸಿಗೆ ಹೇಳು. ಈಗ ನಿಲ್ದಾಣಕ್ಕೆ ಕರ್ಕೊಂಡ್ ಬತ್ತೆ."

ಅವನು ಫೋನಿಟ್ಟು ಬಾಳಿಗರ ಕೋಣೆಗೆ ಹೋದ. ಉಪಗ್ರಹಗಳ ಹೊಸ ಅಂಕಿಗಳು ಬಂದಿದ್ದವು. ಮೇಲ್ಪದರದ ಉಬ್ಬು ಇಳಿಯುವ ಸೂಚನೆಯೇ ಇರಲಿಲ್ಲ. ಕೋಶಗಳ ಪೆಟ್ಟಿಗೆ ಇದೆ, ಅದನ್ನು ಒಯ್ಯುವವಳಿಗಾದರೂ ಹೇಳೋಣ ಎಂದ.

"ಒಬ್ಬರಿಗೆ ಹೇಳಿದ್ರೆ ಎಲ್ಲರಿಗೂ ಹೇಳಿದ ಹಾಗೆ," ಎಂದರು ಬಾಳಿಗರು. "ಮತ್ತೆ, ನಿನ್ನ ಲೆಕ್ಕ ತಪ್ಪಿದ್ರೆ? ಅವರನ್ನು ನೀನು ಮೂವತ್ಮೂರು ಗಂಟೆಯ ದಾರಿಗೆ ಕಳಿಸಿ, ಎರಡು ಗಂಟೆಗೆ ಹಡಗು ಹೋಗಿಬಿಟ್ರೆ? ಆಗ ಯಾರ ಕುತ್ತಿಗೆಗೆ ಬರ್ತದೆ?"

"ನನ್ನದಕ್ಕೆ."

"ನಿನ್ನದಕ್ಕೆ ಮಾತ್ರ ಅಲ್ಲ." ಬಾಳಿಗರು ಕಿಟಕಿಯ ಕಡೆ ನೋಡಿದರು. "ಕೇಂದ್ರ ಕಚೇರಿಗೆ ಮತ್ತೊಮ್ಮೆ ಬರೀತೇನೆ. ಉತ್ತರ ಬರ್ಲಿ."

ಗಂಟೆ ಹನ್ನೊಂದೂ ನಲವತ್ತು. ನಿತ್ಯಾನಂದ ತನ್ನ ಮೇಜಿಗೆ ಹಿಂದಿರುಗಿ ಫಲಕದ ಕಿಂಡಿಯಲ್ಲಿ 'ಗುರುವಾರ' ಎಂದು ಬರೆದು ನೋಡಿದ. ಯಂತ್ರ ಒಪ್ಪಲಿಲ್ಲ; ಆರು ಗಂಟೆ ಮೀರಿದ ಯಾವ ಹೊತ್ತನ್ನೂ ಮುಖ್ಯಸ್ಥರ ಕೀಲಿಯಿಲ್ಲದೆ ಅದು ತೆಗೆದುಕೊಳ್ಳುತ್ತಿರಲಿಲ್ಲ. ಅವನು ಕುರ್ಚಿ ಹಿಂದಕ್ಕೆ ಸರಿಸಿ ಎದ್ದ. ಮೆಟ್ಟಿಲಿಳಿದು, ಕಾಯುವ ಕೋಣೆಯ ಗಾಜಿನ ಬಾಗಿಲು ದೂಡಿ ಒಳಗೆ ಬಂದ. ಆರು ವರ್ಷಗಳಲ್ಲಿ ಅವನು ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ.

ಕಸ್ತೂರಿ ಆಗಷ್ಟೇ, ತಂಪಾದ ಇಟ್ಟಿಗೆಗಳನ್ನು ಮರಳಿ ಹಾಕಿದ ಪೆಟ್ಟಿಗೆ ಹೊತ್ತು ಒಳಗೆ ಬರುತ್ತಿದ್ದಳು. ಹಿಂದೆ ಸುಗಂಧಾ.

"ಒಂದು ನಿಮಿಷ ಎಲ್ಲರೂ ಕೇಳಿ," ಎಂದ ನಿತ್ಯಾನಂದ. ಅವನ ದನಿ ಅವನಿಗೇ ಅಪರಿಚಿತವೆನಿಸಿತು. "ನಾನು ಮೇಲೆ ವಾತಾವರಣದ ಲೆಕ್ಕ ನೋಡುವವನು. ಹಡಗು ಇವತ್ತು ಹೋಗುವುದಿಲ್ಲ. ನನ್ನ ಲೆಕ್ಕದ ಪ್ರಕಾರ ಗುರುವಾರ ಮಧ್ಯಾಹ್ನ. ಒಂದು ದಿನ ಹಿಂದೆ ಮುಂದೆ ಆಗಬಹುದು, ನಾಳೆ ಸಂಜೆಯೇ ಹೋದರೂ ಹೋಗಬಹುದು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ. ಬೇರೆ ದಾರಿ ಇದ್ದವರು ಅದನ್ನು ನೋಡಿಕೊಳ್ಳಿ."

ಎಲ್ಲರೂ ಒಟ್ಟಿಗೆ ಮಾತಾಡಿದರು. ಗಣಿಯ ಎಂಜಿನಿಯರ್ ಎದ್ದು ನಿಂತು, ಇದನ್ನು ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದ.

ಕಸ್ತೂರಿ ಅವನ ಹತ್ತಿರ ಬಂದಳು. "ನಾಳೆ ಸಂಜಿಗೆ ಹೋಗಬಹುದು ಅಂದ್ರಿ. ಗ್ಯಾರಂಟಿ ಐತೇನ್ರೀ?"

"ಇಲ್ಲ. ಗುರುವಾರ ಮಧ್ಯಾಹ್ನವೂ ಆಗಬಹುದು. ಶುಕ್ರವಾರವೂ."

"ನನಗ ಗುರುವಾರ ಹತ್ತು ಗಂಟೇಕ್ಕ ಮುಗೀತೈತಿ." ಅವಳು ಒಂದು ಗಳಿಗೆ ಪೆಟ್ಟಿಗೆಯ ಪರದೆಯನ್ನು ನೋಡಿದಳು. ನಂತರ ಫೋನು ತೆಗೆದು ನೋಂದಣಿ ಕೇಂದ್ರಕ್ಕೆ ಗೋವಾ ಎಂದು ಬರೆದಳು. ಹನ್ನೆರಡಕ್ಕೆ ಎಂಟು ನಿಮಿಷ ಇತ್ತು.

ಸುಗಂಧಾ ಅವಳನ್ನು ಮೀನು ಸಾಗಿಸುವ ವ್ಯಾನಿನಲ್ಲಿ ಗೋವಾಕ್ಕೆ ಕರೆದೊಯ್ದಳು. ಎರಡೂವರೆ ಗಂಟೆಯ ಹಾದಿ. ದಾರಿಯಲ್ಲಿ ಒಮ್ಮೆ ಕಸ್ತೂರಿ, "ನಿನ್ನ ಗಂಡಗ ತ್ರಾಸಾಗ್ತೈತೇನು?" ಎಂದು ಕೇಳಿದಳು. "ಆಗ್ತದೆ," ಎಂದಳು ಸುಗಂಧಾ. ಮುಂದಿನ ಲಾರಿಯನ್ನು ಹಿಂದೆ ಹಾಕಿದಳು.

*

ಮಂಗಳವಾರ ಎರಡಕ್ಕೆ ಹಡಗು ಹೋಗಲಿಲ್ಲ. ಐದಕ್ಕೂ ಹೋಗಲಿಲ್ಲ. ಇಪ್ಪತ್ತಮೂರು ಜನರಲ್ಲಿ ಕಸ್ತೂರಿಯೂ ಸೇರಿ ಒಂಬತ್ತು ಜನ ನಿತ್ಯಾನಂದನ ಮಾತು ಕೇಳಿ ಹೊರಟುಹೋಗಿದ್ದರು. ನಿತ್ಯಾನಂದನನ್ನು ಸಂಜೆಯೊಳಗೆ ಅಮಾನತು ಮಾಡಲಾಯಿತು. ಏಳು ದಿನಗಳಲ್ಲಿ ಲಿಖಿತ ವಿವರಣೆ ಕೊಡತಕ್ಕದ್ದು.

ಅವನು ಬಾಯಿ ಬಿಟ್ಟ ಮೇಲೆ ವಿಳಂಬವನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಬಾಳಿಗರು ತಮ್ಮ ಕೀಲಿ ಹಾಕಿ ಫಲಕದಲ್ಲಿ 'ಗುರುವಾರ' ಎಂದು ಬರೆದರು, ಕಡಲು ತೆರೆಯಿತು. ಬುಧವಾರ ಬೆಳಿಗ್ಗೆ ಎಪ್ಪತ್ತು ದೋಣಿಗಳೂ ಹೊರಟವು. ನಿತ್ಯಾನಂದನ ತಂದೆ ಹೋಗುವಾಗ ಮಗನ ಭುಜ ತಟ್ಟಿ ಹೋದರು.

ಅದೇ ಮಧ್ಯಾಹ್ನ ಗಾಳಿಯ ಮೇಲ್ಪದರದ ಉಬ್ಬು ಇಳಿಯತೊಡಗಿತು. ಅವನ ಲೆಕ್ಕಕ್ಕಿಂತ ಬೇಗ, ಅವನು ಹೇಳಿದ್ದ 'ಹಿಂದು ಮುಂದಿ'ನ ಒಳಗೇ. ಕರಾವಳಿ ಕಾವಲಿನವರು ದೋಣಿಗಳನ್ನು ವಾಪಸು ಕರೆದರು. ಬಲೆ ಹಾಕಿ ಎರಡು ಗಂಟೆಯೂ ಆಗದವರು ಅರ್ಧಕ್ಕೆ ಎಳೆದುಕೊಂಡು ಬರಬೇಕಾಯಿತು. ಸಂಜೆ ಆರು ಗಂಟೆಗೆ ಹಡಗು ಕಟ್ಟೆಯಿಂದ ಎದ್ದಿತು. ನಿತ್ಯಾನಂದ ಮನೆಯ ಜಗಲಿಯಲ್ಲಿ ನಿಂತು ಆ ಬೆಳಕಿನ ಗೆರೆಯನ್ನು ನೋಡಿದ. ಐವತ್ತೆರಡು ನಿಮಿಷಕ್ಕೆ ಅದು ಆಂಟೊಫಗಾಸ್ತದಲ್ಲಿ ಇಳಿಯಿತು. ಬೇರೆ ವಿಮಾನ ಬೇಡವೆಂದು ಕಾದು ಕುಳಿತಿದ್ದ ಉಳಿದ ಹದಿನಾಲ್ಕು ಜನ ಅಲ್ಲಿನ ಬೆಳಗಿನ ಹತ್ತೂವರೆಯೊಳಗೆ ತಲುಪಿದರು.

"ಗುರುವಾರ ಅಂದಿದ್ದ ಅಲ್ವಾ ನಿನ್ನ ಗಂಡ," ಎಂದು ಬಂದರಿನಲ್ಲಿ ಒಬ್ಬ ಸುಗಂಧಾಳಿಗೆ ಹೇಳಿದ. ಇನ್ನೊಬ್ಬ, "ದೊಡ್ಡ ಲೆಕ್ಕದವ," ಎಂದ. ಒಂದು ದಿನ ಹಿಂದೆ ಮುಂದೆ ಎಂದಿದ್ದು ಯಾರಿಗೂ ನೆನಪಿರಲಿಲ್ಲ. ತಂದೆ ಹರಿದ ಬಲೆಯನ್ನು ಅಂಗಳದಲ್ಲಿ ಹರಡಿ ಕುಳಿತರು. ನಿತ್ಯಾನಂದನಿಗೆ ಬೈಗುಳಕ್ಕಿಂತ ಅದೇ ಕಷ್ಟವಾಯಿತು.

ಕಸ್ತೂರಿಗೆ ಈ ಸುದ್ದಿ ಸಿಕ್ಕಿದ್ದು ಸಾವೊ ಪಾವ್ಲೊ ವಿಮಾನ ನಿಲ್ದಾಣದಲ್ಲಿ. ಅಲ್ಲಿ ಏಳು ಗಂಟೆ ಕಾಯಬೇಕಿತ್ತು. ಕಾಲು ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಎರಡು ತಪಾಸಣೆಗಳಲ್ಲಿ ಪೆಟ್ಟಿಗೆಯನ್ನು ಎಕ್ಸ್‌ರೇ ಯಂತ್ರದೊಳಗೆ ಹಾಕಬೇಡಿ ಎಂದು ಕೈಸನ್ನೆಯಲ್ಲಿ ಜಗಳವಾಡಿದ್ದಳು, ದೋಹಾದಲ್ಲಿ ಇಟ್ಟಿಗೆಗಳನ್ನು ಮತ್ತೊಮ್ಮೆ ತಂಪು ಮಾಡಿಸಿಕೊಂಡಿದ್ದಳು. ಫೋನಿನಲ್ಲಿ 'ಜಿಗಿತ ತಲುಪಿತು' ಎಂಬ ಸಾಲು ನೋಡಿದಾಗ ಮೊದಲು ತಪ್ಪು ಓದಿದೆನೆಂದುಕೊಂಡಳು. ಕಾದಿದ್ದರೆ ಈಗ ಅಲ್ಲಿರುತ್ತಿದ್ದಳು. ಇಲ್ಲಿಂದ ಅಲ್ಲಿಗೆ ಇನ್ನೂ ನಾಲ್ಕು ಗಂಟೆಯ ಹಾರಾಟ, ಅದಕ್ಕೂ ಮೊದಲು ಎರಡು ಗಂಟೆಯ ಕಾಯುವಿಕೆ. ಪಕ್ಕದ ಕುರ್ಚಿಯ ಮುದುಕಿ ಏನೋ ಕೇಳಿದಳು, ಭಾಷೆ ತಿಳಿಯಲಿಲ್ಲ. ಕಸ್ತೂರಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕುಳಿತಳು. ಲೆಕ್ಕ ಹೇಳಿದ ಆ ಹುಡುಗನಿಗೆ ಬೈಯಬೇಕೆನಿಸಿತು, ಆದರೆ ಅವನು ಹೇಳಿದ್ದರಲ್ಲಿ ಬೈಯಲು ಒಂದು ಪದವೂ ಸಿಗಲಿಲ್ಲ. ಅದರಿಂದ ಇನ್ನಷ್ಟು ಕಿರಿಕಿರಿಯಾಯಿತು.

*

ಆಂಟೊಫಗಾಸ್ತದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ದಾದಿಯೊಬ್ಬಳು ಪೆಟ್ಟಿಗೆ ತೆರೆದು ಉಷ್ಣತೆಯ ದಾಖಲೆಯನ್ನು ಇಳಿಸಿಕೊಂಡಳು. ಒಮ್ಮೆ ಆರು ಡಿಗ್ರಿಗೆ ಏರಿತ್ತು, ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಕೋಶಗಳನ್ನು ಎಣಿಸಲು ನಲವತ್ತು ನಿಮಿಷ ಬೇಕು. ಪೆಟ್ಟಿಗೆ ಕೊಟ್ಟ ಮೇಲೆ ಕಸ್ತೂರಿ ಅಲ್ಲಿರುವ ಅಗತ್ಯವಿರಲಿಲ್ಲ, ಆದರೂ ಬೆಂಚಿನ ಮೇಲೆ ಕುಳಿತಳು. ನೂರಕ್ಕೆ ತೊಂಬತ್ತೊಂದು ಕೋಶಗಳು ಬದುಕಿದ್ದವು.

ದಾದಿಯ ಹೆಸರು ಮಾರಿಸೊಲ್. ಇಬ್ಬರ ನಡುವೆ ಮೇಜಿನ ಮೇಲೆ ಅನುವಾದದ ಯಂತ್ರವಿತ್ತು.

"ನಾನು ಬೆಳಗ್ಗೆ ಬಂದ ಹಡಗಿನ್ಯಾಗ ಬರಬಹುದಿತ್ತು," ಎಂದಳು ಕಸ್ತೂರಿ. "ಏಳು ತಾಸು ತಡ ಮಾಡಿದ್ನಿ. ನಿಮ್ಮ ಡಾಕ್ಟರಿಗೆ ಹೇಳ್ರಿ, ತಪ್ಪು ನಂದು."

ಯಂತ್ರ ಅದನ್ನು ಹೇಳುವವರೆಗೆ ಮಾರಿಸೊಲ್ ಕಾದಳು. ಆಮೇಲೆ ನಿಧಾನವಾಗಿ ಮಾತಾಡಿದಳು. ರೋಗಿ ಯಾರೆಂದು ಹೇಳುವ ಹಾಗಿಲ್ಲ, ಆದರೆ ಇಷ್ಟು ಹೇಳುತ್ತೇನೆ ಎಂದಳು. ಸೋಮವಾರದಿಂದ ಆಸ್ಪತ್ರೆಯವರು ಕಾರವಾರದ ಫಲಕವನ್ನೇ ನೋಡುತ್ತಿದ್ದರು. ಪ್ರತಿ ಸಲ ಹೊಸ ಹೊತ್ತು ಬಂದಾಗಲೂ ರೋಗಿಯನ್ನು ಎಬ್ಬಿಸಿ, ಕೊಳವೆಗಳನ್ನು ತೊಳೆದು, ಸಿದ್ಧಮಾಡಿ ಕೂರಿಸುತ್ತಿದ್ದರು. ಹಡಗು ಹೊರಟರೆ ಒಂದು ಗಂಟೆಯಲ್ಲಿ ಬಂದುಬಿಡುತ್ತದಲ್ಲ. ಏಳು ಸಲ ಹಾಗಾಯಿತು. ಏಳನೆಯ ಸಲ ಆಕೆ ಎದ್ದು ಕೂರಲು ಒಪ್ಪಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು, ನೀರೂ ಕುಡಿಯಲಿಲ್ಲ.

"ಆಮೇಲೆ ನೀವು ವಿಮಾನದಲ್ಲಿ ಹೊರಟಿರಿ, ಬುಧವಾರ ಸಂಜೆ ಐದಕ್ಕೆ ಬರುತ್ತೀರಿ ಅಂತ ಸಂದೇಶ ಬಂತು. ನಾನು ಅವಳಿಗೆ ಹೋಗಿ ಹೇಳಿದೆ. ಐದು ಗಂಟೆ, ಅದಕ್ಕೆ ಮೊದಲು ಯಾರೂ ಎಬ್ಬಿಸುವುದಿಲ್ಲ ಅಂತ. ಸ್ವಲ್ಪ ಸಾರು ಕೇಳಿದಳು. ಕುಡಿದು ಹನ್ನೊಂದು ಗಂಟೆ ನಿದ್ದೆ ಮಾಡಿದಳು. ಮೂರು ದಿನದಲ್ಲಿ ಅದೇ ಮೊದಲ ನಿದ್ದೆ. ವೈದ್ಯರಿಗೆ ಬೇಕಾಗಿದ್ದದ್ದೂ ಅದೇ."

ಕಸ್ತೂರಿ ಹೊರಗೆ ಬಂದು, ಕಾರವಾರದಲ್ಲಿ ಬೆಳಗಾಗುವವರೆಗೆ ಕಾದು ಸುಗಂಧಾಳಿಗೆ ಫೋನು ಮಾಡಿದಳು. ಗಂಡನಿಗೆ ಕೊಡು ಎಂದಳು.

"ನೀವು ಬೈಯಬಹುದು," ಎಂದ ನಿತ್ಯಾನಂದ. "ನನ್ನ ಲೆಕ್ಕ ತಪ್ಪಿತು."

"ಬೈಯಾಕ ಮಾಡಿಲ್ಲ. ಸುಮ್ಮ ಕೇಳ್ರಿ." ಅವಳು ದಾದಿ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಫೋನು ಕಡಿದುಹೋಯಿತೇನೋ ಎಂದು ಅವಳು ಎರಡು ಸಲ ಹಲೋ ಎಂದಳು.

"ಇದ್ದೇನೆ," ಎಂದ ನಿತ್ಯಾನಂದ.

*

ವಿಚಾರಣೆ ನಡೆದದ್ದು ಎರಡು ತಿಂಗಳ ನಂತರ. ಅಷ್ಟರಲ್ಲಿ ಹೊಸ ಮಜ್ಜೆ ರೋಗಿಯ ಮೈಯಲ್ಲಿ ಬೇರೂರಿದೆ ಎಂಬ ಒಂದು ಸಾಲಿನ ಸಂದೇಶ ಕಸ್ತೂರಿಗೆ ಬಂದಿತ್ತು. ಅವಳು ಅದನ್ನು ನಿತ್ಯಾನಂದನಿಗೆ ಕಳಿಸಿದ್ದಳು. ವಿಚಾರಣೆಯಲ್ಲಿ ಅದು ಅಪ್ರಸ್ತುತ ಎಂದರು. ಮೂವರು ಅಧಿಕಾರಿಗಳು, ಒಬ್ಬ ಬೆರಳಚ್ಚುಗಾರ. ಬಾಳಿಗರು ತಾವು ಕೇಂದ್ರ ಕಚೇರಿಗೆ ಮೂರು ಬಾರಿ ಬರೆದದ್ದನ್ನು ಹೇಳಿದರು. ಅದನ್ನೂ ಅಪ್ರಸ್ತುತ ಎಂದರು.

"ನಿಮ್ಮ ಮಾತು ಕೇಳಿ ಹೋದ ಒಂಬತ್ತು ಜನರೂ, ಕಾದು ಕುಳಿತ ಹದಿನಾಲ್ಕು ಜನರಿಗಿಂತ ತಡವಾಗಿ ತಲುಪಿದರು. ಒಪ್ಪುತ್ತೀರಾ?" ಎಂದು ನಡುವೆ ಕುಳಿತವರು ಕೇಳಿದರು.

"ಒಪ್ಪುತ್ತೇನೆ. ಆದರೆ ಎಷ್ಟು ಹೊತ್ತಿಗೆ ತಲುಪುತ್ತೇವೆ ಅನ್ನುವುದು ಆ ಒಂಬತ್ತು ಜನರಿಗೆ ಹೊರಡುವಾಗಲೇ ಗೊತ್ತಿತ್ತು."

ಬೆರಳಚ್ಚುಗಾರ ಹಾಳೆಯನ್ನು ಸಹಿಗಾಗಿ ಮುಂದಿಟ್ಟ. ನಿತ್ಯಾನಂದ ಓದಿ ನೋಡಿದ. 'ಒಪ್ಪುತ್ತೇನೆ' ಎಂದು ಮಾತ್ರ ಇತ್ತು.

"ಎರಡನೇ ಮಾತು ಬಿಟ್ಟುಹೋಗಿದೆ," ಎಂದ.

"ಕೇಳಿದ್ದು ಒಪ್ಪುತ್ತೀರೋ ಇಲ್ಲವೋ ಅಂತ."

"ನಾನು ಹೇಳಿದ್ದು ಎರಡು ಮಾತು."

"ಸಹಿ ಹಾಕಿ ಹೊರಡಿ ಹರಿಕಂತ್ರ. ಹೇಗೂ ನಿಮ್ಮನ್ನು ಆ ಕೊಠಡಿಗೆ ವಾಪಸು ತೆಗೆದುಕೊಳ್ಳುವುದಿಲ್ಲ. ಇದರಿಂದ ಏನೂ ಬದಲಾಗುವುದಿಲ್ಲ."

"ಗೊತ್ತು."

ಅವನು ಲೇಖನಿಯನ್ನು ಹಾಳೆಯ ಮೇಲೆ ಅಡ್ಡವಾಗಿಟ್ಟು ಕೈ ಕಟ್ಟಿ ಕುಳಿತ. ಅಧಿಕಾರಿಗಳು ಪರಸ್ಪರ ನೋಡಿಕೊಂಡರು. ಒಬ್ಬರು ಗಡಿಯಾರ ನೋಡಿದರು. ಊಟದ ಹೊತ್ತು ದಾಟಿತು. ಇಬ್ಬರು ಎದ್ದು ಹೋಗಿ ಊಟ ಮಾಡಿ ಬಂದರು. ನಿತ್ಯಾನಂದ ಅಲ್ಲೇ ಇದ್ದ. ಬಾಗಿಲ ಹೊರಗೆ ಸುಗಂಧಾಳೂ ಕುಳಿತಿದ್ದಳು. ನಾಲ್ಕು ಗಂಟೆಯ ಹೊತ್ತಿಗೆ ನಡುವೆ ಕುಳಿತವರು ಬೆರಳಚ್ಚುಗಾರನ ಕಡೆ ನೋಡದೆಯೇ ಕೈ ಆಡಿಸಿದರು. ಅವನು ಹಾಳೆಯನ್ನು ತಿರುಗಿ ಯಂತ್ರಕ್ಕೆ ಏರಿಸಿದ.

ನಿತ್ಯಾನಂದ ಎದ್ದು ಅವನ ಹಿಂದೆ ಹೋಗಿ ನಿಂತ. ಒಂದೊಂದೇ ಪದವನ್ನು ನಿಧಾನವಾಗಿ ಹೇಳಿ ಬರೆಸಿದ. ಕೊನೆಯ ಪದ ಮೂಡಿದ ಮೇಲೆ ಮೊದಲಿನಿಂದ ಒಮ್ಮೆ ಓದಿದ. ಆಮೇಲೆ ಸಹಿ ಹಾಕಿದ.